ಹೆದ್ದಾರಿ 75ರ ಒಂದು ಹಳ್ಳಿ ಗೇಟು: ಡಿವೈಡರ್ ಕಿಂಡಿಯ ಪ್ರಕರಣ ಅಧ್ಯಯನ

ಕೋಲಾರದಿಂದ ಮುಳಬಾಗಿಲಿನ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ಕ್ಕೆ ಹಳ್ಳಿ ರಸ್ತೆ ಬಂದು ಸೇರುವ ಜಾಗಕ್ಕೆ ಜನ ‘ಗೇಟು’ ಎನ್ನುತ್ತಾರೆ. ಗೇಟೆಂಬುದು ಅಲ್ಲಿ ಇರುವುದಿಲ್ಲ. ಡಿವೈಡರ್ ನಡುವೆ ಬಿಟ್ಟ ಒಂದು ಕಿಂಡಿ, ಒಂದು ಟೀ ಅಂಗಡಿ, ಒಂದು ಪಂಕ್ಚರ್ ಅಂಗಡಿ, ಹುಣಸೆ ಮರದ ಕೆಳಗೆ ಬಸ್ಸಿಗೆ ಕಾಯುವ ಜನ, ಅಷ್ಟೆ. ಬೆಳಿಗ್ಗೆ ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡು, ಹಿಪ್ಪುನೇರಳೆ ಸೊಪ್ಪಿನ ಮೂಟೆ ಹೇರಿದ ಬೈಕು, ಟೊಮೆಟೊ ಕ್ರೇಟು ತುಂಬಿಕೊಂಡು ಮುಳಬಾಗಿಲಿನ ಕಡೆ ಹೊರಟ ಟೆಂಪೊ, ಎಲ್ಲವೂ ಆ ಒಂದೇ ಕಿಂಡಿಯಲ್ಲಿ ನುಗ್ಗುತ್ತವೆ.

ಮೊದಲೇ ಒಂದು ಮಾತು. ಇದು ಯಾವುದೋ ಒಂದೂರಿನ ಕಡತ ಅಲ್ಲ. ಇಂಥ ಗೇಟುಗಳ ಗುಣಗಳನ್ನು ಒಂದೆಡೆ ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಅದಕ್ಕೇ ಊರಿನ ಹೆಸರು ಹಾಕಿಲ್ಲ. ಗೇಟಿನ ಎಣಿಕೆ, ಅಳತೆಗಳು ಲೆಕ್ಕ ತೋರಿಸಲು ಇಟ್ಟ ಅಂಕಿಗಳು. ನಿಮ್ಮೂರಿನ ಗೇಟಿಗೆ ನಿಮ್ಮ ಅಂಕಿ ಹಾಕಿಕೊಳ್ಳಬೇಕು. ಸೂತ್ರ, ಮಾನದಂಡ, ಕಾನೂನುಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಜಾಗದ ನಕ್ಷೆ

ಹೆದ್ದಾರಿ ಪೂರ್ವ–ಪಶ್ಚಿಮವಾಗಿ ಹೋಗುತ್ತದೆ. ಹಳ್ಳಿ ದಕ್ಷಿಣಕ್ಕಿದೆ. ಹಳ್ಳಿಯಿಂದ ಬಂದವರಿಗೆ ಮೊದಲು ಸಿಗುವುದು ಕೋಲಾರದ ಕಡೆ ಹೋಗುವ ರಸ್ತೆ, ಆಮೇಲೆ 4.5 ಮೀಟರ್ ಅಗಲದ ಡಿವೈಡರ್, ಅದರಾಚೆ ಮುಳಬಾಗಿಲಿನ ಕಡೆ ಹೋಗುವ ರಸ್ತೆ. ಎರಡೂ ಬದಿಯಲ್ಲಿ 7 ಮೀಟರ್ ಡಾಂಬರು, ಜೊತೆಗೆ 1.5 ಮೀಟರ್ ಡಾಂಬರಿನ ಅಂಚು. ಡೇರಿ ಇರುವುದು ಉತ್ತರದ ಬದಿಯಲ್ಲಿ, ಗೇಟಿನಿಂದ 300 ಮೀಟರ್ ಪೂರ್ವಕ್ಕೆ. ಮುಂದಿನ ಕಿಂಡಿಗಳು ಪೂರ್ವಕ್ಕೆ 1.5 ಕಿಲೋಮೀಟರ್, ಪಶ್ಚಿಮಕ್ಕೆ 1.2 ಕಿಲೋಮೀಟರ್ ದೂರ.

ಈ ಡೇರಿಯ ಜಾಗವನ್ನು ನೆನಪಿನಲ್ಲಿಡಿ. ಹಾಲು ಹಾಕಲು ಹೋಗುವವನು ಕಿಂಡಿ ದಾಟಿ ಬಲಕ್ಕೆ ತಿರುಗಿದರೆ ಸರಿಯಾದ ದಿಕ್ಕಿನಲ್ಲೇ 300 ಮೀಟರ್ ಹೋಗಿ ಸೇರುತ್ತಾನೆ. ಬರುವಾಗ ನಿಯಮದಂತೆ ಬರಬೇಕೆಂದರೆ ಮುಂದಕ್ಕೆ 1.2 ಕಿಲೋಮೀಟರ್ ಹೋಗಿ ತಿರುಗಿ 1.5 ಕಿಲೋಮೀಟರ್ ವಾಪಸ್ ಬರಬೇಕು. 300 ಮೀಟರಿಗೆ ಬದಲು 2.7 ಕಿಲೋಮೀಟರ್, ದಿನಕ್ಕೆ ಎರಡು ಹೊತ್ತು. ಅದಕ್ಕೇ ಬರುವಾಗ ಎಲ್ಲರೂ ರಾಂಗ್ ಸೈಡ್. ಇದನ್ನು ಬರಿ ಶಿಸ್ತಿನ ಕೊರತೆ ಎಂದುಕೊಂಡು ಕೆಲಸ ಶುರು ಮಾಡಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಕಡತ ಹೇಳುವುದು, ಹೇಳದೆ ಬಿಡುವುದು

ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿದ್ದರೆ, ಇಲ್ಲವೇ 10 ಜನ ಸತ್ತಿದ್ದರೆ, ಅದು ಬ್ಲಾಕ್‌ಸ್ಪಾಟ್. ನಮ್ಮ ಗೇಟಿನಲ್ಲಿ ಮೂರು ವರ್ಷಕ್ಕೆ ಅಂಥವು 9. ಪಟ್ಟಿಗೆ ಸೇರುವುದರಲ್ಲಿ ಅನುಮಾನವಿಲ್ಲ.

ಕಡತ ಬಿಚ್ಚಿದರೆ ಒಂಬತ್ತರಲ್ಲೂ ಒಂದೇ ವಾಕ್ಯ: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’. ಅದು ಕಲಮಿಗೆ ಬೇಕಾದ ಮಾತು. ಹಿಂದೆ ಐಪಿಸಿ 279, 304ಎ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281, 106. ಆರೋಪಿ ಯಾರು ಎಂದು ಹೇಳಲು ಅಷ್ಟು ಸಾಕು. ಗುದ್ದು ಯಾಕೆ ಇದೇ ಜಾಗದಲ್ಲಿ ಮತ್ತೆ ಮತ್ತೆ ಆಗುತ್ತಿದೆ ಎಂಬುದಕ್ಕೆ ಅದರಿಂದ ಏನೂ ಸಿಗದು. ಪಂಚನಾಮೆಯ ಕೈನಕ್ಷೆಯಲ್ಲಿ ಸಿಗುತ್ತದೆ: ಯಾವ ವಾಹನ ಯಾವ ಕಡೆಯಿಂದ ಬಂತು, ಗಾಜಿನ ಚೂರು ಎಲ್ಲಿ ಬಿದ್ದಿತ್ತು, ಟೈರಿನ ಗುರುತು ಎಲ್ಲಿಂದ ಶುರುವಾಯಿತು.

ಈಗ ಪೊಲೀಸರು ಅಪಘಾತದ ವಿವರವನ್ನು ಮೊಬೈಲಿನಲ್ಲೇ ಇ-ಡಿಎಆರ್ ಎಂಬ ಅಪಘಾತ ದಾಖಲೆಯ ವ್ಯವಸ್ಥೆಗೆ ತುಂಬುತ್ತಾರೆ, ಜಾಗದ ಅಕ್ಷಾಂಶ–ರೇಖಾಂಶವೂ ಅದರಲ್ಲಿರುತ್ತದೆ. ಆದರೆ ಠಾಣೆಗೆ ಬಂದು ಕೂತು ತುಂಬಿದರೆ ಚುಕ್ಕಿ ಠಾಣೆಯ ಮೇಲೇ ಬೀಳುತ್ತದೆ. ಹಾಗಾಗಿ ಒಂದೊಂದು ಚುಕ್ಕಿಯನ್ನೂ ಕೈನಕ್ಷೆಯ ಜೊತೆ ತಾಳೆ ನೋಡಬೇಕು. ಇನ್ನೊಂದು ಸೋರಿಕೆ ಆಸ್ಪತ್ರೆಯ ಕಡೆಯದು. ಗಾಯಾಳು 30 ದಿನದೊಳಗೆ ಸತ್ತರೆ ಅದನ್ನು ರಸ್ತೆ ಸಾವೆಂದೇ ಎಣಿಸಬೇಕು. ಕೋಲಾರದಿಂದ ಬೆಂಗಳೂರಿನ ಆಸ್ಪತ್ರೆಗೆ ಸಾಗಿಸಿದವರು ಹನ್ನೆರಡನೇ ದಿನ ತೀರಿಕೊಂಡರೆ ಆ ಸುದ್ದಿ ಇಲ್ಲಿನ ಪಟ್ಟಿಗೆ ಬಾರದೆ ‘ತೀವ್ರ ಗಾಯ’ ಎಂದೇ ಉಳಿದುಬಿಡಬಹುದು. ಊರಿನಲ್ಲಿ ರಾಜಿಯಾದ ಗುದ್ದು ಪೊಲೀಸ್ ಪುಸ್ತಕಕ್ಕೆ ಬರುವುದೇ ಇಲ್ಲ. 108 ಆಂಬುಲೆನ್ಸಿನ ಕರೆ ಪಟ್ಟಿ, ಪಂಕ್ಚರ್ ಅಂಗಡಿಯವರ ನೆನಪು, ಇವೆರಡನ್ನೂ ಸೇರಿಸಿ ನೋಡುವುದು ಆ ಕಾರಣಕ್ಕೆ.

ಒಂಬತ್ತನ್ನೂ ಒಂದೇ ಹಾಳೆಯಲ್ಲಿ ಬಾಣ ಗುರುತಿನಲ್ಲಿ ಬರೆದಾಗ ಕಂಡದ್ದು ಹೀಗೆ. ನಾಲ್ಕು, ಕಿಂಡಿಯಿಂದ ಆಚೆ ಬದಿಗೆ ಹೊರಬಿದ್ದ ಬೈಕಿಗೆ ಮುಳಬಾಗಿಲಿನ ಕಡೆ ಹೋಗುವ ವಾಹನ ಅಡ್ಡದಿಂದ ಗುದ್ದಿದ್ದು. ಎರಡು, ನಿಂತ ಬಸ್ಸಿನ ಮುಂದಿನಿಂದ ದಾಟಿದ ಪಾದಚಾರಿಗಳಿಗೆ. ಎರಡು, ರಾತ್ರಿ ಹೊತ್ತು ಟ್ರ್ಯಾಕ್ಟರ್ ಟ್ರೈಲರಿನ ಹಿಂಬದಿಗೆ. ಒಂದು, ರಾಂಗ್ ಸೈಡಿನಲ್ಲಿ ಮುಖಾಮುಖಿ. ಒಂಬತ್ತರಲ್ಲಿ ಆರು ಬೆಳಿಗ್ಗೆ 5.30ರಿಂದ 7.30 ಅಥವಾ ಸಂಜೆ 6.30ರಿಂದ 8.30ರೊಳಗೆ ಆದವು. ಹಾಲು ಕರೆಯುವ ಹೊತ್ತು, ಕತ್ತಲು ಬೆಳಕು ಕೂಡುವ ಹೊತ್ತು. ಮಾಗಿಯಲ್ಲಾದರೆ ಜೊತೆಗೆ ಮಂಜು.

ಅಳತೆ

ವೇಗ ಅಳೆಯಲು ರೇಡಾರ್ ಗನ್ ಇದ್ದರೆ ಒಳ್ಳೆಯದು, ಆದರೆ ರಸ್ತೆಯಿಂದ ಓರೆಯಾಗಿ ಹಿಡಿಯಬಾರದು. 20 ಡಿಗ್ರಿ ಓರೆಯಾದರೆ ನಿಜವಾದ ವೇಗಕ್ಕಿಂತ ಶೇ 6ರಷ್ಟು ಕಡಿಮೆ ತೋರಿಸುತ್ತದೆ. ಗನ್ ಇಲ್ಲದಿದ್ದರೆ ಸುಣ್ಣದ ಎರಡು ಗೆರೆ ಎಳೆದು ಮೊಬೈಲಿನಲ್ಲಿ ವಿಡಿಯೊ ಮಾಡಿದರೂ ಆಗುತ್ತದೆ. ಗೆರೆಗಳ ನಡುವೆ 60 ಮೀಟರ್ ಇರಲಿ. 30 ಮೀಟರ್ ಇಟ್ಟು ಸ್ಟಾಪ್‌ವಾಚ್ ಹಿಡಿದರೆ 80 ಕಿಲೋಮೀಟರ್ ವೇಗದ ವಾಹನ 1.35 ಸೆಕೆಂಡಿನಲ್ಲಿ ದಾಟಿಬಿಡುತ್ತದೆ, ಕೈ 0.2 ಸೆಕೆಂಡ್ ತಡವಾದರೂ ಲೆಕ್ಕ ಶೇ 15ರಷ್ಟು ತಪ್ಪುತ್ತದೆ. ಸೆಕೆಂಡಿಗೆ 30 ಚಿತ್ರದ ವಿಡಿಯೊದಲ್ಲಿ ಆ ತಪ್ಪು ಒಂದೆರಡು ಚಿತ್ರದಷ್ಟೇ. ಮುಂದಿನ ವಾಹನದ ಬಾಲ ಹಿಡಿದು ಬರುವವನನ್ನು ಎಣಿಸಬಾರದು, ಅವನ ವೇಗ ಅವನದಲ್ಲ. ಮುಂದಿನ ವಾಹನಕ್ಕಿಂತ ಐದು ಸೆಕೆಂಡಾದರೂ ಹಿಂದಿರುವ, ತನ್ನಿಷ್ಟದ ವೇಗದಲ್ಲಿ ಬರುವ ಕನಿಷ್ಠ 100 ವಾಹನ ಬೇಕು. ಹಗಲಿಗೆ ಬೇರೆ, ರಾತ್ರಿಗೆ ಬೇರೆ. ಪ್ರತಿಫಲಿಸುವ ಅಂಗಿ ತೊಟ್ಟು ರಸ್ತೆ ಬದಿಯಲ್ಲಿ ಎದ್ದು ಕಾಣುವಂತೆ ನಿಂತರೆ ಎಲ್ಲರೂ ಪೊಲೀಸೆಂದು ಬ್ರೇಕ್ ಒತ್ತುತ್ತಾರೆ, ಆ ದಿನದ ಅಂಕಿ ಕಸದ ಬುಟ್ಟಿಗೆ.

ನಮ್ಮ ಗೇಟಿನಲ್ಲಿ ಸರಾಸರಿ ವೇಗ 78, ನೂರರಲ್ಲಿ 85 ವಾಹನಗಳು ಮೀರದ ವೇಗ 92. ವಿನ್ಯಾಸದ ಲೆಕ್ಕಕ್ಕೆ ಹಿಡಿಯುವುದು ಈ 92ನ್ನು, ಬೋರ್ಡಿನ ಮೇಲೆ ಬರೆದ ಸಂಖ್ಯೆಯನ್ನಲ್ಲ. 92 ಎಂದರೆ ಸೆಕೆಂಡಿಗೆ 25.6 ಮೀಟರ್.

ಈಗ ಕಿಂಡಿಯಲ್ಲಿ ನಿಂತ ಬೈಕಿನವನ ಕಣ್ಣಿನಿಂದ ನೋಡೋಣ. ಹಿಂದೆ ಎರಡು ಕ್ಯಾನು ಹಾಲು. ನೋಡಿ ತೀರ್ಮಾನಿಸಲು 2 ಸೆಕೆಂಡ್. ನಿಂತಲ್ಲಿಂದ 7 ಮೀಟರ್ ರಸ್ತೆ, ಜೊತೆಗೆ ಬೈಕಿನ 2 ಮೀಟರ್ ಉದ್ದ ಪಾರಾಗಬೇಕು. ಭಾರ ಹೊತ್ತ ಬೈಕು ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ 1 ಮೀಟರಿನಷ್ಟು ಏರಿಸಿಕೊಂಡರೆ ಅದಕ್ಕೆ 4.2 ಸೆಕೆಂಡ್. ಒಟ್ಟು 6.2. ಅಷ್ಟರಲ್ಲಿ ಎದುರಿನ ಕಾರು ಸುಮಾರು 160 ಮೀಟರ್ ಬಂದಿರುತ್ತದೆ. ಅಂದರೆ ಅವನಿಗೆ ಎಡಕ್ಕೆ 160 ಮೀಟರ್ ರಸ್ತೆ ಕಾಣಬೇಕು. ಕಾರಿನವನಿಗೂ ಅಷ್ಟೇ ಬೇಕು: 2.5 ಸೆಕೆಂಡ್ ಪ್ರತಿಕ್ರಿಯೆಗೆ 64 ಮೀಟರ್, ಟೈರಿಗೂ ರಸ್ತೆಗೂ ನಡುವಿನ ಘರ್ಷಣೆಯ ಗುಣಾಂಕ 0.35 ಎಂದು ಹಿಡಿದರೆ ಬ್ರೇಕಿಗೆ 95 ಮೀಟರ್.

ಕಂಡದ್ದು 70 ಮೀಟರ್. ಅಡ್ಡ ಇದ್ದದ್ದು ಡಿವೈಡರಿನ ಕಣಗಿಲೆ ಗಿಡ. ಎದುರಿನ ಹೆಡ್‌ಲೈಟು ಕಣ್ಣಿಗೆ ಹೊಡೆಯದಿರಲಿ ಎಂದು ನೆಟ್ಟದ್ದು ಒಂದೂವರೆ ಮೀಟರಿಗಿಂತ ಎತ್ತರ ಬೆಳೆದು, ಕಿಂಡಿಯ ಅಂಚಿನವರೆಗೂ ಗೋಡೆಯಂತೆ ನಿಂತಿದೆ. 70 ಮೀಟರ್ ಎಂದರೆ 2.7 ಸೆಕೆಂಡ್. ಕಾರು ಕಂಡ ಕ್ಷಣದಲ್ಲೇ ಕ್ಲಚ್ ಬಿಟ್ಟರೂ ಅವನು ರಸ್ತೆಯ ನಡುವೆ ಇರುತ್ತಾನೆ. ಅಡ್ಡದಿಂದ ಗುದ್ದಿದ ನಾಲ್ಕೂ ಇಲ್ಲೇ ಆದವು. ಈ ಅಳತೆಗೆ ಬೇಕಾದ್ದು ಒಂದು ಅಳತೆ ಚಕ್ರ, 1.2 ಮೀಟರಿನ ಒಂದು ಕೋಲು, ಇಬ್ಬರು ಜನ. ಒಬ್ಬರು ಬೈಕಿನ ಮೇಲೆ ಕೂತು ನೋಡುವುದು, ಇನ್ನೊಬ್ಬರು ಅಂಚಿನಲ್ಲಿ ಕೋಲು ಹಿಡಿದು ದೂರ ಹೋಗುವುದು, ಕೋಲಿನ ತುದಿ ಮರೆಯಾದಲ್ಲಿ ಗುರುತು ಹಾಕುವುದು. ಅರ್ಧ ಗಂಟೆಯ ಕೆಲಸ.

ಟ್ರ್ಯಾಕ್ಟರಿನ ಕತೆ ಬರಿ ಕಳೆಯುವ ಲೆಕ್ಕ. ಟ್ರೈಲರ್ ಸೇರಿ ಉದ್ದ ಸುಮಾರು 8 ಮೀಟರ್, ಡಿವೈಡರ್ 4.5. ಮುಂದಿನ ರಸ್ತೆ ಖಾಲಿಯಾಗಲಿ ಎಂದು ಕಿಂಡಿಯಲ್ಲಿ ಕಾದರೆ 3.5 ಮೀಟರ್ ಬಾಲ ಹಿಂದಿನ ರಸ್ತೆಯಲ್ಲೇ ಉಳಿಯುತ್ತದೆ. ಒಂದು ಪಥದ ಅಗಲವೂ 3.5 ಮೀಟರ್. ಬಲಬದಿಯ ಪಥ, ಅಂದರೆ ಎಲ್ಲಕ್ಕಿಂತ ವೇಗದ ಪಥ, ಪೂರ್ತಿ ಬಂದ್. ಅದರ ಮೇಲೆ ಟ್ರೈಲರಿಗೆ ಹಿಂದೀಪವಿಲ್ಲ, ಬದಿಗೆ ಪಟ್ಟಿಯಿಲ್ಲ.

ನೆನಪಿಡಬೇಕಾದ ಇನ್ನೊಂದು ಸಣ್ಣ ಸಂಗತಿ ಹಳ್ಳಿ ರಸ್ತೆಯ ಕೊನೆಯ ಮೂರು ಮೀಟರಿನಲ್ಲಿದೆ. ಹೆದ್ದಾರಿಗೆ ಮೇಲಿಂದ ಮೇಲೆ ಡಾಂಬರು ಹಾಕಿ ಅದು ಎತ್ತರವಾಗಿದೆ, ಹಳ್ಳಿ ರಸ್ತೆ ಹಾಗೇ ಉಳಿದಿದೆ. ನಡುವೆ ಏರು, ಒಡೆದ ಅಂಚು, ಸುಮಾರು 10 ಸೆಂಟಿಮೀಟರ್ ಮೆಟ್ಟಿಲು, ಜೊತೆಗೆ ಜಲ್ಲಿ. ಕ್ಯಾನು ತುಳುಕದಂತೆ ಹತ್ತಿಸಲು ಸವಾರನ ಕಣ್ಣು ಮುಂದಿನ ಚಕ್ರದ ಮೇಲಿರುತ್ತದೆ, ಬಲಕ್ಕೆ ತಿರುಗುವುದಿಲ್ಲ. ಏರಿನಲ್ಲಿ ನಿಂತರೆ ಮತ್ತೆ ಎಳೆಯುವುದು ಕಷ್ಟವೆಂದು ನಿಲ್ಲದೆ ನುಗ್ಗುತ್ತಾನೆ. ‘ನೋಡದೆ ನುಗ್ಗಿದ’ ಎಂದು ಕಡತದಲ್ಲಿ ಬರೆಯುವುದು ಇದನ್ನೇ.

ಕೊನೆಗೆ ಸಂಘರ್ಷದ ಎಣಿಕೆ. ಗುದ್ದು ಅಪರೂಪ, ತಪ್ಪಿದ ಗುದ್ದು ದಿನವೂ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟರ್ ಹ್ಯುಡೆನ್ ಇದನ್ನು ಎಣಿಸುವ ಕ್ರಮವನ್ನು ಬೆಳೆಸಿದರು. ಇಲ್ಲಿ ಬಳಸಿದ್ದು ಅದಕ್ಕಿಂತ ಸರಳವಾದದ್ದು: ಒಂದು ವಾಹನ ಒಂದು ಬಿಂದು ಬಿಟ್ಟ ಮೇಲೆ ಅಡ್ಡ ಬರುವ ಇನ್ನೊಂದು ಅದೇ ಬಿಂದುವಿಗೆ ಎಷ್ಟು ಹೊತ್ತಿಗೆ ಬಂತು? 1.5 ಸೆಕೆಂಡಿಗಿಂತ ಕಡಿಮೆಯಾದರೆ ಸಂಘರ್ಷ. ಆರು ಮೀಟರ್ ಎತ್ತರದಲ್ಲಿ ಕ್ಯಾಮೆರಾ ಕಟ್ಟಿ ಮೂರು ದಿನ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಸಿಕ್ಕಿದ್ದು 31. ಸಂತೆಯ ದಿನ, ಹಬ್ಬದ ಹಿಂದಿನ ದಿನ ಎಣಿಸಬಾರದು. ಎಣಿಸಿದರೆ ಕೆಲಸ ಮುಗಿದ ಮೇಲೂ ಅಂಥದೇ ದಿನ ಎಣಿಸಬೇಕು.

ಏನು ಮಾಡುವುದು

ಸಭೆಯಲ್ಲಿ ಮೊದಲು ಬರುವ ಸಲಹೆ ಎರಡು: ಹಂಪ್ ಹಾಕಿ, ಇಲ್ಲವೇ ಕಿಂಡಿ ಮುಚ್ಚಿ. ರಾಷ್ಟ್ರೀಯ ಹೆದ್ದಾರಿಯ ಮುಖ್ಯ ಪಥದಲ್ಲಿ ಹಂಪ್ ಕೂಡದೆಂಬುದು ಸಚಿವಾಲಯದ ನಿಲುವು, ಅದು ಸರಿಯೂ ಹೌದು. ತೊಂಬತ್ತರಲ್ಲಿ ಬರುವ ಲಾರಿಗೆ ಕತ್ತಲಲ್ಲಿ ಸಿಕ್ಕ ಹಂಪು ಹಿಂದಿನಿಂದ ಗುದ್ದಿಸುತ್ತದೆ. ಇನ್ನು ಕಿಂಡಿ ಮುಚ್ಚಿದರೆ ಹಾಲಿನವರಿಗೆ ಬರುವಾಗ ಮಾತ್ರವಲ್ಲ, ಹೋಗುವಾಗಲೂ 2.7 ಕಿಲೋಮೀಟರ್ ಸುತ್ತು. ಅದನ್ನು ತಪ್ಪಿಸಲು ಯಾರೋ ಒಂದು ರಾತ್ರಿ ಡಿವೈಡರಿನ ಕಲ್ಲು ಕಿತ್ತು ನೂರು ಮೀಟರ್ ಆಚೆ ಹೊಸ ಕಿಂಡಿ ಮಾಡುತ್ತಾರೆ. ಅಲ್ಲಿ ಬೋರ್ಡೂ ಇರುವುದಿಲ್ಲ, ದೀಪವೂ ಇರುವುದಿಲ್ಲ. ಕೊನೆಯ ಪರಿಹಾರ ಅಂಡರ್‌ಪಾಸ್. ಅದು ಕೋಟಿಗಳ ಕೆಲಸ, ವರ್ಷಗಳ ಕಾಯುವಿಕೆ. ಅಲ್ಲಿಯವರೆಗೆ ಮಾಡಿದ್ದು ಇವು.

ಕಿಂಡಿಯ ಎರಡೂ ಕಡೆ 160 ಮೀಟರ್ ಗಿಡವನ್ನು 60 ಸೆಂಟಿಮೀಟರಿಗೆ ಕತ್ತರಿಸಿದ್ದು, ಎಲ್ಲಕ್ಕಿಂತ ಅಗ್ಗದ್ದು ಮತ್ತು ಎಲ್ಲಕ್ಕಿಂತ ದೊಡ್ಡದು. ಹಳ್ಳಿ ರಸ್ತೆಯ ಕೊನೆಯ 15 ಮೀಟರನ್ನು ಎತ್ತರಿಸಿ ಮಟ್ಟ ಮಾಡಿ, ಹೆದ್ದಾರಿಗೆ ನೇರ ಕೋನದಲ್ಲಿ ಸೇರುವಂತೆ ತಿದ್ದಲಾಯಿತು. ಅದಕ್ಕೂ ಹಿಂದೆ, ಹಳ್ಳಿ ರಸ್ತೆಯಲ್ಲಿ, ಒಂದು ಹಂಪ್: ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಐಆರ್‌ಸಿ 99ರ ಅಳತೆಯಂತೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಇದು 25 ಕಿಲೋಮೀಟರ್ ವೇಗಕ್ಕೆ ಲೆಕ್ಕ ಹಾಕಿದ್ದು. ಊರಿನವರೇ ಹಾಕಿಕೊಳ್ಳುವ ಒಂದಡಿ ಅಗಲದ ಗುಡ್ಡೆ ಬೇರೆ. ಅದು ಬೈಕಿನಿಂದ ಹಾಲನ್ನೂ ಹಿಂದೆ ಕೂತವರನ್ನೂ ಕೆಳಗಿಳಿಸುತ್ತದೆ.

ಬಸ್ಸಿನ ಜಾಗ ಬದಲಾಯಿತು. ಕೋಲಾರದ ಬಸ್ಸು ಗೇಟಿಗಿಂತ ಮುಂಚೆಯೇ, ಹುಣಸೆ ಮರದ ಬಳಿ ನಿಲ್ಲುತ್ತಿತ್ತು. ಹಳ್ಳಿಯಿಂದ ಬರುವವನು ಬಲಕ್ಕೆ ನೋಡಿದರೆ ಬಸ್ಸಿನ ಮೂತಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ವಯಸ್ಸಾದವರು ಸೆಕೆಂಡಿಗೆ 1 ಮೀಟರಿನಂತೆ 8.5 ಮೀಟರ್ ದಾಟಲು, ತೀರ್ಮಾನಿಸುವ ಒಂದು ಸೆಕೆಂಡ್ ಸೇರಿಸಿ, 9.5 ಸೆಕೆಂಡ್ ಬೇಕು. 92ರಲ್ಲಿ ಬರುವ ವಾಹನ ಅಷ್ಟರಲ್ಲಿ 243 ಮೀಟರ್ ಬರುತ್ತದೆ. ಬಸ್ಸಿನ ಮರೆಯಲ್ಲಿ ಅಷ್ಟು ದೂರ ಕಾಣುವ ಮಾತೇ ಇಲ್ಲ. ನಿಲ್ದಾಣವನ್ನು ಗೇಟು ದಾಟಿ 60 ಮೀಟರ್ ಮುಂದಕ್ಕೆ, ರಸ್ತೆಯಿಂದ ಒಳಗೆ ಸರಿಸಲಾಯಿತು. ಬೋರ್ಡು ಮಾತ್ರ ಸರಿಸಿದರೆ ಏನೂ ಆಗದು. ನೆರಳಿರುವಲ್ಲಿ ಜನ, ಜನ ಇರುವಲ್ಲಿ ಬಸ್ಸು. ಹೊಸ ಜಾಗದಲ್ಲಿ ಮೊದಲು ತಗಡಿನ ನೆರಳು ಎದ್ದ ಮೇಲೆಯೇ ಚಾಲಕರಿಗೆ ಸೂಚನೆ ಹೋಗಬೇಕು.

ಮುಖ್ಯ ರಸ್ತೆಯಲ್ಲಿ ಎರಡೂ ಕಡೆಯಿಂದ ಚಕ್ರ ನಡುಗಿಸಿ ಎಚ್ಚರಿಸುವ ಅಡ್ಡಪಟ್ಟಿ, ಮುನ್ಸೂಚನೆಯ ಬೋರ್ಡು, ಕಿಂಡಿಗೆ ದೀಪ. ಇವನ್ನು ಎಲ್ಲರೂ ಮಾಡುತ್ತಾರೆ, ಹೆಚ್ಚು ಹೇಳುವುದಿಲ್ಲ. ಟ್ರ್ಯಾಕ್ಟರಿಗೆ ಕಿಂಡಿ ಸಾಲದ ಕಾರಣ 1.2 ಮೀಟರ್ ಅಂತರದಲ್ಲಿ ಕಂಬ ನೆಟ್ಟು ಬೈಕು, ಪಾದಚಾರಿಗಳಿಗೆ ಮಾತ್ರ ದಾರಿ ಬಿಡಲಾಯಿತು. ಟ್ರ್ಯಾಕ್ಟರ್, ಟೆಂಪೊಗಳು ಪಶ್ಚಿಮದ ಕಿಂಡಿಯಲ್ಲಿ ತಿರುಗಬೇಕು, ಅಲ್ಲಿ ಡಿವೈಡರ್ ಅಗಲವಿದೆ. ಟ್ರೈಲರುಗಳಿಗೆ ಪ್ರತಿಫಲನ ಪಟ್ಟಿ: ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ. ರಾಂಗ್ ಸೈಡಿಗೆ ಮದ್ದು ಡೇರಿಯಿಂದ ಗೇಟಿನವರೆಗೆ 300 ಮೀಟರ್ ಪ್ರತ್ಯೇಕ ದಾರಿ, ನಡುವೆ ತಡೆಗೋಡೆ. ಅದಕ್ಕೆ ಜಮೀನು ಬೇಕು, ಹಾಗಾಗಿ ಅದು ಕಾಗದದ ಮೇಲೇ ಉಳಿದಿದೆ. (ರಸ್ತೆಯ ವಿನ್ಯಾಸದ ಲೋಪದಿಂದ ಸಾವಾದರೆ ಹೊಣೆಗಾರರಿಗೆ ಒಂದು ಲಕ್ಷದವರೆಗೆ ದಂಡ ಎಂದು 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 198ಎ ಸೇರಿಸಿದೆ. ಒಂದು ಲಕ್ಷಕ್ಕೆ ಯಾರೂ ಜಮೀನು ಹುಡುಕುವುದಿಲ್ಲ.)

ಫಲಿತಾಂಶ ಓದುವ ಬಗೆ

ಮುಂದಿನ ಮೂರು ವರ್ಷದಲ್ಲಿ 9 ಇದ್ದದ್ದು 7 ಆಯಿತು ಎಂದುಕೊಳ್ಳಿ. ಗೆದ್ದೆವೇ? ಇಲ್ಲ. ಬ್ಲಾಕ್‌ಸ್ಪಾಟೆಂದು ಆರಿಸುವುದೇ ಕೆಟ್ಟ ವರ್ಷಗಳನ್ನು ನೋಡಿ. ಏನೂ ಮಾಡದಿದ್ದರೂ ಸಂಖ್ಯೆ ಸರಾಸರಿಯತ್ತ ಇಳಿಯುತ್ತದೆ. ಕೆನಡಾದ ಎಜ್ರಾ ಹಾವರ್ ರಸ್ತೆ ಸುರಕ್ಷತೆಯಲ್ಲಿ ಬಳಕೆಗೆ ತಂದ ಎಂಪಿರಿಕಲ್ ಬೇಯ್ಸ್ ವಿಧಾನ, ಒಂದು ಜಾಗದ ಎಣಿಕೆಯನ್ನೂ ಅಂಥ ಜಾಗಗಳ ಸರಾಸರಿಯನ್ನೂ ತೂಗಿ ಕೂಡಿಸಿ, ಇದನ್ನು ತಿದ್ದುತ್ತದೆ. ಇಂಥದೇ ಗೇಟುಗಳ ಮೂರು ವರ್ಷದ ಸರಾಸರಿ 4.5, ಚದುರುವಿಕೆಯ ಗುಣಾಂಕ (ಗೇಟಿನಿಂದ ಗೇಟಿಗೆ ಎಣಿಕೆ ಎಷ್ಟು ಬೇರೆಯಾಗುತ್ತದೆ ಎಂಬುದರ ಅಳತೆ) 0.4 ಎಂದಿಟ್ಟುಕೊಂಡರೆ ಸರಾಸರಿಗೆ ಕೊಡುವ ತೂಕ 1 ÷ (1 + 0.4 × 4.5), ಅಂದರೆ 0.36. ಉಳಿದ 0.64 ತೂಕ ಈ ಗೇಟಿನ 9ಕ್ಕೆ. ಕೂಡಿದರೆ 7.4. ಈ ಗೇಟಿನ ನಿಜವಾದ ಮಟ್ಟ 9 ಅಲ್ಲ, 7.4. ಹೊಸ 7ನ್ನು ಹೋಲಿಸಬೇಕಾದ್ದು ಇದರ ಜೊತೆ. ಮುಚ್ಚಿದರೂ, ತೆರೆದರೂ, ಪೂಜೆ ಮಾಡಿಸಿದರೂ ಅಷ್ಟು ಇಳಿಕೆ ತಾನಾಗಿಯೇ ಬರುತ್ತಿತ್ತು.

ಮೂರು ವರ್ಷ ಯಾರೂ ಕಾಯುವುದಿಲ್ಲ. ಅದಕ್ಕೇ ವೇಗ ಮತ್ತು ಸಂಘರ್ಷ. ಒಂದು ತಿಂಗಳಿಗೆ ಸರಾಸರಿ ವೇಗ 78ರಿಂದ 70ಕ್ಕೆ ಬಂತು. ಸ್ವೀಡನ್ನಿನ ಗೋರನ್ ನಿಲ್ಸನ್ ಅವರ ಸೂತ್ರದಲ್ಲಿ ಸಾವಿನ ಅಪಘಾತ ಸರಾಸರಿ ವೇಗದ ನಾಲ್ಕನೇ ಘಾತದಂತೆ ಬದಲಾಗುತ್ತದೆ: 70 ÷ 78ರ ನಾಲ್ಕನೇ ಘಾತ 0.65, ಅಂದರೆ ಶೇ 35ರಷ್ಟು ಇಳಿಕೆಯ ನಿರೀಕ್ಷೆ. ಊರೊಳಗಿನ ರಸ್ತೆಗೆ ಈ ಘಾತ ಕಡಿಮೆ ಎಂದು ನಾರ್ವೆಯ ರೂನೆ ಎಲ್ವಿಕ್ ಆಮೇಲೆ ತೋರಿಸಿದರು. ಹೆದ್ದಾರಿಗೆ ನಾಲ್ಕು ಹಿಡಿಯಬಹುದು. ಸಂಘರ್ಷ 31ರಿಂದ 11ಕ್ಕೆ ಇಳಿಯಿತು.

ಆರು ತಿಂಗಳಿಗೆ ಮತ್ತೆ ಅಳೆದಾಗ ವೇಗ 73, ಸಂಘರ್ಷ 17. ನಿರೀಕ್ಷೆಯ ಇಳಿಕೆ ಶೇ 23ಕ್ಕೆ ಬಂತು. ಲಾರಿ ಚಕ್ರ ಓಡುವ ಸಾಲಿನಲ್ಲಿ ಅಡ್ಡಪಟ್ಟಿ ಸವೆದಿದೆ. ಒಂದು ಮಳೆಗಾಲಕ್ಕೆ ಕಣಗಿಲೆ ಮತ್ತೆ ಒಂದು ಮೀಟರ್ ದಾಟಿದೆ. ಗಿಡ ಕತ್ತರಿಸುವ ಗುತ್ತಿಗೆ ಬೇರೆ, ರಸ್ತೆ ಸುರಕ್ಷತೆಯ ಗುತ್ತಿಗೆ ಬೇರೆ, ಗಿಡದವರ ಕರಾರಿನಲ್ಲಿ ‘60 ಸೆಂಟಿಮೀಟರ್’ ಎಂಬ ಪದವೇ ಇಲ್ಲ. ಟೊಮೆಟೊ ಸುಗ್ಗಿಯಲ್ಲಿ ಮೂರು ಕಂಬ ಮಾಯವಾಗಿ ಟೆಂಪೊ ನುಗ್ಗುವಷ್ಟು ಜಾಗವಾಗಿದೆ. 17ರಲ್ಲಿ 9 ಡೇರಿಯಿಂದ ಬರುವ ರಾಂಗ್ ಸೈಡಿನವು. ಬಸ್ಸು ಮಾತ್ರ ಹೊಸ ತಗಡಿನ ನೆರಳಲ್ಲೇ ನಿಲ್ಲುತ್ತಿದೆ, ಟೀ ಅಂಗಡಿಯೂ ಅಲ್ಲಿಗೆ ಹೋಗಿದೆ.

ಡೇರಿಯವರ ಮುಂದೆ ಈಗಿರುವ ಪ್ರಸ್ತಾಪ ಸರಳ: ಬೆಳಿಗ್ಗೆ, ಸಂಜೆ ಹಾಲು ಅಳೆಯುವ ಯಂತ್ರವನ್ನು ಹಳ್ಳಿಯ ಬದಿಗೇ ತಂದಿಡುವುದು.